ನೀಲಿ ಪರದೆ ಎಂದರೆ ಖಾಲಿ ಕ್ಯಾಸೆಟ್ ಎಂದಲ್ಲ

ಮದುವೆಯ ಹಳೆಯ ಕ್ಯಾಸೆಟ್ಟನ್ನು ವಿಸಿಆರ್‌ಗೆ ಹಾಕುತ್ತೀರಿ. ಒಳಗೆ ಏನೋ ತಿರುಗುವ ಸದ್ದು ಕೇಳುತ್ತದೆ, ಟಿವಿ ಪರದೆ ಮಾತ್ರ ನೀಲಿಯಾಗಿ ನಿಂತುಬಿಡುತ್ತದೆ. ‘ಖರಾಬ್ ಆಗ್ಯಾದ, ಎಲ್ಲಾ ಅಳಿಸಿ ಹೋಗ್ಯಾದ’ ಎಂದು ಯಾರೋ ಅನ್ನುತ್ತಾರೆ. ಕ್ಯಾಸೆಟ್ ಮತ್ತೆ ಟ್ರಂಕಿಗೆ ಹೋಗುತ್ತದೆ, ಮುಂದೊಂದು ದಿನ ಮನೆ ಸಾರಿಸುವಾಗ ಗುಜರಿಗೆ. ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ, ಉದಗೀರ ಸುತ್ತಿನ ಕನ್ನಡ ಮನೆಗಳಿಂದ ಹೀಗೆ ಹೊರಬೀಳುವ ಎಷ್ಟೋ ಕ್ಯಾಸೆಟ್ಟುಗಳು ನಿಜಕ್ಕೂ ಹಾಳಾಗಿರುವುದಿಲ್ಲ. ಆ ನೀಲಿ ಬಣ್ಣ ಟೇಪಿನಿಂದ ಬಂದದ್ದೇ ಅಲ್ಲ. ಟೇಪಿನ ಸಂಕೇತ ದುರ್ಬಲವಾದಾಗ ಕಣ್ಣಿಗೆ ಕಿರಿಕಿರಿ ಆಗದಿರಲಿ ಎಂದು ವಿಸಿಆರ್ ಅಥವಾ ಟಿವಿ ತಾನೇ ಎಳೆಯುವ ಮುಸುಕು ಅದು. ಬಹಳಷ್ಟು ವಿಸಿಆರ್‌ಗಳ ಮೆನುವಿನಲ್ಲಿ ಇದನ್ನು ಆರಿಸುವ ಆಯ್ಕೆ ಇರುತ್ತದೆ. ಹಳೆಯ ಪಿಕ್ಚರ್ ಟ್ಯೂಬಿನ ಟಿವಿಗೆ ಜೋಡಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಈಗಿನ ಚಪ್ಪಟೆ ಟಿವಿಗಳು ಅಲುಗಾಡುವ ಸಂಕೇತವನ್ನು ಒಪ್ಪದೆ ಕೈಬಿಡುತ್ತವೆ. ಮುಸುಕು ಸರಿದಾಗ ಬಿಳಿ ಚುಕ್ಕೆಗಳ ನಡುವೆ ನೆರಳಿನಂತೆ ಮಂದಿ ಓಡಾಡುವುದು ಕಂಡರೆ, ಚಿತ್ರ ಟೇಪಿನಲ್ಲಿ ಇನ್ನೂ ಇದೆ ಎಂದು ಧೈರ್ಯವಾಗಿ ಹೇಳಬಹುದು.

ಈ ಮೂರು ಊರುಗಳ ಹೆಸರು ಹಿಡಿದು ಬರೆಯಲು ಕಾರಣವಿದೆ. 1956ರ ಮೊದಲು ಉದಗೀರ, ನಿಲಂಗಾ ಎರಡೂ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಗಡಿ ಬದಲಾದ ಮೇಲೂ ಬೀಗತನ ಭಾಲ್ಕಿ, ಔರಾದ, ಬಸವಕಲ್ಯಾಣ, ಆಳಂದದ ಜೊತೆಗೇ ಮುಂದುವರಿಯಿತು. ಶಾಲೆ ಮರಾಠಿಯದು, ಸಂತೆಯ ಮಾತು ಮರಾಠಿ, ದಖ್ಖನಿ. ಕನ್ನಡ ಉಳಿದದ್ದು ಅಡುಗೆಮನೆಯಲ್ಲಿ, ಮದುವೆಯ ಹಂದರದಲ್ಲಿ, ಅರಿಶಿಣ ಹಚ್ಚುವಾಗಿನ ಹಾಡಿನಲ್ಲಿ. ಆ ಮನೆಮಾತನ್ನು ಪುಸ್ತಕದಲ್ಲಿ ಬರೆದಿಟ್ಟವರು ಕಡಿಮೆ. ಅದು ದಾಖಲಾಗಿರುವ ಕೆಲವೇ ಜಾಗಗಳಲ್ಲಿ ಈ ಕ್ಯಾಸೆಟ್ಟುಗಳೂ ಒಂದು.

ಇನ್ನೊಂದು ಕಾರಣ ಕಿಲ್ಲಾರಿಯ ಭೂಕಂಪ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣಪತಿ ಕಳಿಸಿ ಬಂದ ಜನ ಮಲಗಿ ನಿದ್ದೆ ಹೋಗಿದ್ದಾಗ ನೆಲ ನಡುಗಿತು. ಕಲ್ಲು ಮಣ್ಣಿನ ದಪ್ಪ ಗೋಡೆಯ ಮನೆಗಳು ಒಳಗಿದ್ದವರ ಮೇಲೆಯೇ ಕುಸಿದವು. ಸಾವಿರಾರು ಜನ ಸತ್ತರು. ಅತಿ ಹೆಚ್ಚು ಹಾನಿಯಾದ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. ಕಿಲ್ಲಾರಿ, ಸಾಸ್ತೂರ ಕಡೆಯ ಯಾವುದೋ ಮನೆಯಲ್ಲಿ ಅದಕ್ಕೂ ಮೊದಲಿನ ಮದುವೆಯ ಕ್ಯಾಸೆಟ್ ಉಳಿದಿದ್ದರೆ, ಮೆರವಣಿಗೆ ಸಾಗುವ ಆ ಓಣಿ, ಹಿಂದೆ ಕಾಣುವ ವಾಡೆ, ಕಟ್ಟೆಯ ಮೇಲೆ ಕೂತ ಮುಖಗಳು ಬೇರೆಲ್ಲೂ ಸಿಗಲಾರವು. ಆದ್ದರಿಂದ ‘ನಡೆಯುತ್ತಿಲ್ಲ’ ಎಂದು ಬಿಟ್ಟುಬಿಡುವ ಮೊದಲು, ಯಾಕೆ ನಡೆಯುತ್ತಿಲ್ಲ ಎಂದು ತಾಳ್ಮೆಯಿಂದ ನೋಡುವುದು ಯೋಗ್ಯ.

ಟೇಪಿನ ಮೇಲೆ ಚಿತ್ರ ಉದ್ದುದ್ದವಾಗಿ ಬರೆದಿರುವುದಿಲ್ಲ. ಒಂದು ಉರುಳೆ ಗರಗರ ತಿರುಗುತ್ತಿರುತ್ತದೆ, ಅದರ ಅಂಚಿನಲ್ಲಿ ‘ಹೆಡ್’ ಎಂದು ಕರೆಯುವ ಸಣ್ಣ ಕಾಂತದ ಮೊನೆಗಳಿರುತ್ತವೆ. ಟೇಪು ಆ ಉರುಳೆಗೆ ಓರೆಯಾಗಿ ಸುತ್ತಿಕೊಂಡು ಸಾಗುವಾಗ ಮೊನೆಗಳು ಓರೆ ಗೆರೆಗಳನ್ನು ಎಳೆಯುತ್ತವೆ. ನಮ್ಮ ಪಾಲ್ ಪದ್ಧತಿಯ ವಿಎಚ್‌ಎಸ್‌ನಲ್ಲಿ ಉರುಳೆ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ, ಒಂದು ಗೆರೆಯ ಅಗಲ 49 ಮೈಕ್ರಾನ್, ಅಂದರೆ ಸುಮಾರು ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಮಿನಿಡಿವಿಯಲ್ಲಿ ಉರುಳೆ 9000 ಸುತ್ತು ತಿರುಗುತ್ತದೆ, ಗೆರೆ ಬರೀ 10 ಮೈಕ್ರಾನ್. ಎರೆಮಣ್ಣಿನ ದಾರಿಯಲ್ಲಿ ಬಂಡಿಯ ಗಾಲಿ ಮೊದಲೇ ಬಿದ್ದ ಜಾಡಿನಲ್ಲೇ ಸಾಗಬೇಕಾದಂತೆ, ಓದುವ ಹೆಡ್ ಬರೆದ ಗೆರೆಯ ಮೇಲೆಯೇ ಹಾಯಬೇಕು. ಬರೆದ ಕ್ಯಾಮೆರಾ ಒಂದು, ಓದುವ ಯಂತ್ರ ಇನ್ನೊಂದು ಆದಾಗ ಈ ಜಾಡು ಕೂದಲೆಳೆಯಷ್ಟು ತಪ್ಪಿದರೂ ಚಿತ್ರ ಕೆಡುತ್ತದೆ. ಟೇಪನ್ನು ದೂರುವ ಮೊದಲು ಯಂತ್ರವನ್ನು ಶಂಕಿಸಬೇಕು ಅನ್ನುವುದು ಇದಕ್ಕೇ.

ಮೊದಲ ಕೆಲಸ ಕೈಯಲ್ಲಿರುವುದು ಯಾವ ಜಾತಿಯ ಕ್ಯಾಸೆಟ್ ಎಂದು ಗುರುತಿಸುವುದು. ಪುಸ್ತಕದ ಗಾತ್ರದ ಕರಿ ಡಬ್ಬಿ ವಿಎಚ್‌ಎಸ್; 1980ರ ದಶಕದಿಂದ ಮದುವೆ ಶೂಟಿಂಗಿಗೆ ಹೆಗಲ ಮೇಲೆ ಹೊರುತ್ತಿದ್ದ ಪ್ಯಾನಾಸೋನಿಕ್ ಕ್ಯಾಮೆರಾಗಳು ಇದನ್ನೇ ಬಳಸುತ್ತಿದ್ದವು. ಅದೇ ಟೇಪಿನ ಚಿಕ್ಕ ಡಬ್ಬಿ ವಿಎಚ್‌ಎಸ್-ಸಿ. ಇದನ್ನು ಅಡಾಪ್ಟರಿನಲ್ಲಿ ಕೂರಿಸಿ ಮಾಮೂಲಿ ವಿಸಿಆರ್‌ನಲ್ಲಿ ನೋಡಬಹುದು. ಇಲ್ಲೇ ಅನೇಕರು ಮೋಸ ಹೋಗುತ್ತಾರೆ. ಸೋನಿ ಹ್ಯಾಂಡಿಕ್ಯಾಮಿನ 8 ಮಿಲಿಮೀಟರ್ ಕ್ಯಾಸೆಟ್ ನೋಡಲು ಅಷ್ಟೇ ಚಿಕ್ಕದು, ಆದರೆ ಅದರ ಟೇಪಿನ ಅಗಲವೇ ಬೇರೆ, ಬರವಣಿಗೆಯೇ ಬೇರೆ. ಅದನ್ನು ವಿಎಚ್‌ಎಸ್‌ಗೆ ಹೊಂದಿಸುವ ಅಡಾಪ್ಟರ್ ಯಾವ ಅಂಗಡಿಯಲ್ಲೂ ಇಲ್ಲ. ‘ಇದೆ’ ಎಂದು ಯಾರಾದರೂ ಮಾರಿದರೆ ತೆಗೆದುಕೊಳ್ಳಬೇಡಿ. 8 ಮಿಲಿಮೀಟರಿನಲ್ಲೂ ಹಳೆಯ ವಿಡಿಯೊ8, ಆಮೇಲಿನ ಹೈ8, 1999ರಲ್ಲಿ ಬಂದ ಡಿಜಿಟಲ್8 ಎಂಬ ಮೂರು ಬಗೆಗಳಿವೆ. ಹೈ8 ಕ್ಯಾಸೆಟ್ ವಿಡಿಯೊ8 ಮಾತ್ರ ಬಲ್ಲ ಕ್ಯಾಮೆರಾದಲ್ಲಿ ಸರಿಯಾಗಿ ಕಾಣುವುದಿಲ್ಲ. ಹಿಂದಿನ ಎರಡೂ ಬಗೆಗಳನ್ನು ಓದುವ ಡಿಜಿಟಲ್8 ಕ್ಯಾಮೆರಾ ಯಾರಲ್ಲಾದರೂ ಇದ್ದರೆ ಅದು ಭಾಗ್ಯವೇ ಸರಿ.

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಮಿನಿಡಿವಿಯಲ್ಲಿ ತೊಡಕು ಬೇರೆ. 2000ದ ನಂತರ ಸ್ಟುಡಿಯೊದವರು ಬಳಸಿದ ಸೋನಿ ಪಿಡಿ150, ಪಿಡಿ170 ಕ್ಯಾಮೆರಾಗಳು ಅದೇ ಕ್ಯಾಸೆಟ್ಟಿನ ಮೇಲೆ ಡಿವಿಕ್ಯಾಮ್ ಎಂಬ ಬೇರೆ ಬಗೆಯಲ್ಲೂ ಬರೆಯುತ್ತಿದ್ದವು. ಮನೆಬಳಕೆಯ ಎಷ್ಟೋ ಕ್ಯಾಮೆರಾಗಳಿಗೆ ಅದನ್ನು ಓದಲು ಬರುವುದಿಲ್ಲ. ಟೇಪ್ ಉಳಿಸಲೆಂದು ಎಲ್‌ಪಿ ವೇಗದಲ್ಲಿ ತೆಗೆದದ್ದಾದರೆ ಗೆರೆಗಳು ಇನ್ನೂ ಕಿರಿದಾಗಿ, ಬರೆದ ಕ್ಯಾಮೆರಾ ಬಿಟ್ಟು ಬೇರೆಯದರಲ್ಲಿ ಓದುವುದು ಕಷ್ಟ. ಅಮೆರಿಕದಲ್ಲಿರುವ ಬಂಧುಗಳು ಅಲ್ಲಿನ ಕ್ಯಾಮೆರಾದಲ್ಲಿ ತೆಗೆದು ಕಳಿಸಿದ ಕ್ಯಾಸೆಟ್ ಎನ್‌ಟಿಎಸ್‌ಸಿ ಪದ್ಧತಿಯದು. ನಮ್ಮ ಪಾಲ್ ಯಂತ್ರದಲ್ಲಿ ಅದು ಬಣ್ಣವಿಲ್ಲದೆ ಮೇಲೆ ಕೆಳಗೆ ಉರುಳುತ್ತದೆ. ಇವು ಯಾವುವೂ ಕೆಟ್ಟ ಕ್ಯಾಸೆಟ್ಟುಗಳಲ್ಲ, ಜೋಡಿ ತಪ್ಪಿದವು ಅಷ್ಟೇ.

ಯಂತ್ರಕ್ಕೆ ಹಾಕುವ ಮುನ್ನ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಬೇಕು. ವಿಎಚ್‌ಎಸ್ ಡಬ್ಬಿಯ ಬೆನ್ನಿನಲ್ಲಿರುವ ಪ್ಲಾಸ್ಟಿಕ್ ಚೂರು ಮುರಿದಿರದಿದ್ದರೆ ಮುರಿದುಬಿಡಿ. ಚಿಕ್ಕ ಕ್ಯಾಸೆಟ್ಟುಗಳಲ್ಲಿ ಅದರ ಜಾಗದಲ್ಲಿ ಸರಿಸುವ ಗುಂಡಿ ಇರುತ್ತದೆ. ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಮೇಲೆ ಬರೆಯದಂತೆ ಇದು ಕಾಯುತ್ತದೆ. ಆಮೇಲೆ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ಸುತ್ತಿದ ಟೇಪಿನ ಮೇಲ್ಮೈ ನೋಡಿ. ಅದು ಕರ್ರಗೆ ನುಣ್ಣಗೆ ಇರಬೇಕು. ಬಿಳಿ ಪುಡಿ, ಜೇಡರ ಬಲೆಯಂಥ ಎಳೆ, ಬೂದು ಮಚ್ಚೆ ಕಂಡರೆ ಅದು ಬೂಷ್ಟು. ನಮ್ಮದು ಒಣ ಸೀಮೆ, ಬೂಷ್ಟು ಎಲ್ಲಿಂದ ಬರಬೇಕು ಎಂದು ಅನ್ನಿಸಬಹುದು. ಮಳೆಗಾಲದಲ್ಲಿ ನೆನೆದ ಕಲ್ಲುಗೋಡೆಗೆ ಒತ್ತಿ ಇಟ್ಟ ಟ್ರಂಕಿನೊಳಗಿನ ಗಾಳಿಯೇ ಅದಕ್ಕೆ ಸಾಕು. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಯಾವ ಕಾರಣಕ್ಕೂ ಯಂತ್ರಕ್ಕೆ ಹಾಕಬೇಡಿ. ಟೇಪು ಒಂದಕ್ಕೊಂದು ಅಂಟಿಕೊಂಡಿದ್ದರೆ ಹರಿಯುತ್ತದೆ, ಪುಡಿ ಹೆಡ್ಡಿಗೆ ಮೆತ್ತುತ್ತದೆ, ಮುಂದೆ ಹಾಕುವ ಪ್ರತಿ ಕ್ಯಾಸೆಟ್ಟಿಗೂ ಅದೇ ಹರಡುತ್ತದೆ. ಉಸಿರಿನೊಳಗೆ ಹೋದರೆ ಮನುಷ್ಯರಿಗೂ ಒಳ್ಳೆಯದಲ್ಲ. ಅಂಥವನ್ನು ಬೇರೆ ಚೀಲದಲ್ಲಿಟ್ಟು, ಡಬ್ಬಿ ಬಿಚ್ಚಿ ಟೇಪನ್ನು ಒರೆಸಿ ಸುತ್ತುವುದು ಬಲ್ಲವರಿಗೇ ಕೊಡಬೇಕು.

ಟೇಪು ಚೊಕ್ಕಟವಾಗಿ ಕಂಡಿತು ಅನ್ನಿ. ಆಗಲೂ ಅಮೂಲ್ಯವಾದದ್ದನ್ನು ಮೊದಲು ಹಾಕಬಾರದು. ಕಳೆದುಹೋದರೂ ಚಿಂತೆಯಿಲ್ಲದ ಯಾವುದೋ ಸಿನೆಮಾದ ಕ್ಯಾಸೆಟ್ಟನ್ನು ಹಾಕಿ, ಹತ್ತು ನಿಮಿಷ ಓಡಿಸಿ, ಹೊರತೆಗೆದು ಟೇಪಿನ ಅಂಚು ಮಡಚಿದೆಯೇ, ಗೀರು ಬಿದ್ದಿದೆಯೇ ಎಂದು ನೋಡಬೇಕು. ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರದಲ್ಲಿ ರಬ್ಬರ್ ಬೆಲ್ಟ್ ಸಡಿಲಾಗಿರುತ್ತದೆ, ಟೇಪನ್ನು ಎಳೆಯುವ ರಬ್ಬರ್ ರೋಲರ್ ಗಟ್ಟಿಯಾಗಿ ಜಾರುತ್ತದೆ. ‘ವಿಸಿಆರ್ ಟೇಪ್ ನುಂಗಿತು’ ಅನ್ನುವುದು ಇದನ್ನೇ. ಈ ಭಾಗಗಳನ್ನು ಬದಲಿಸಬಹುದು. ನುಂಗಿದ ಮದುವೆಯನ್ನು ಬದಲಿಸಲಾಗದು.

ಇನ್ನು ಲಕ್ಷಣ ಓದುವ ಬಗೆ. ವಿಎಚ್‌ಎಸ್‌ನಲ್ಲಿ ಮಾಮೂಲಿ ಧ್ವನಿಯನ್ನು ಟೇಪಿನ ಮೇಲಂಚಿನಲ್ಲಿ ಬೇರೆಯಾಗಿ, ಕದಲದ ಹೆಡ್ಡಿನಿಂದ ಬರೆಯುತ್ತಾರೆ. ಆದ್ದರಿಂದ ಮಾತು ಚೆನ್ನಾಗಿ ಕೇಳುತ್ತಾ ಪರದೆಯ ತುಂಬ ಬಿಳಿ ಚುಕ್ಕೆ ಸುರಿಯುತ್ತಿದ್ದರೆ ಟೇಪು ಸಾಗುತ್ತಿದೆ ಎಂದು ಗೊತ್ತಾಯಿತು, ಶಂಕೆ ಚಿತ್ರದ ಹೆಡ್ಡಿನ ಮೇಲೆ. ಬಹುಪಾಲು ಸಲ ಅದರ ತುದಿಗೆ ಕೊಳೆ ಮೆತ್ತಿರುತ್ತದೆ, ಸ್ವಚ್ಛ ಮಾಡಿದರೆ ಚಿತ್ರ ಮರಳುತ್ತದೆ. 8 ಮಿಲಿಮೀಟರ್ ಕ್ಯಾಸೆಟ್ಟಿನಲ್ಲಿ ಧ್ವನಿಯೂ ಚಿತ್ರದ ಜೊತೆ ಓರೆ ಗೆರೆಗಳಲ್ಲೇ ಇರುತ್ತದೆ, ಆದ್ದರಿಂದ ಹೆಡ್ ಕೊಳೆಯಾದರೆ ಎರಡೂ ಒಟ್ಟಿಗೆ ಮಾಯ. ‘ಮಾತೂ ಇಲ್ಲ, ಚಿತ್ರವೂ ಇಲ್ಲ, ಖಾಲಿ’ ಎಂದು ಅದನ್ನು ಎಸೆಯುವುದು ತಪ್ಪು. ಮಿನಿಡಿವಿಯಲ್ಲಿ ಬಿಳಿ ಚುಕ್ಕೆ ಬರುವುದಿಲ್ಲ. ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಒಂದು ಅಡ್ಡಪಟ್ಟಿ ಸರಿ, ಮುಂದಿನದು ಒಡಕು, ಮತ್ತೆ ಸರಿ ಎಂದು ಪರದೆ ಹೋಳಾಗಿದ್ದರೆ ಎರಡು ಹೆಡ್ಡುಗಳಲ್ಲಿ ಒಂದು ಮಾತ್ರ ಓದುತ್ತಿದೆ ಎಂದು ಅರ್ಥ.

ಪರದೆಯ ಕೆಳಗೋ ಮೇಲೋ ಒಂದೇ ಕಡೆ ಗದ್ದಲದ ಪಟ್ಟಿ ನಿಂತಿದ್ದರೆ ಟ್ರ್ಯಾಕಿಂಗ್ ಗುಂಡಿಯನ್ನು ನಿಧಾನವಾಗಿ ಎರಡೂ ಕಡೆ ತಿರುಗಿಸಿ ನೋಡಬೇಕು. ಅದಕ್ಕೂ ಬಗ್ಗದಿದ್ದರೆ ಬೇರೆ ವಿಸಿಆರ್‌ನಲ್ಲಿ ಹಾಕಿ. ಒಂದು ಯಂತ್ರದಲ್ಲಿ ಪಟ್ಟಿ ಇದ್ದು ಇನ್ನೊಂದರಲ್ಲಿ ಮಾಯವಾದರೆ ಸಂಗತಿ ಅಲ್ಲಿಗೇ ಮುಗಿಯಿತು. ಮನುಷ್ಯರ ತಲೆಯ ಭಾಗ ಮಾತ್ರ ಗಾಳಿಗೆ ಬಾವುಟ ಅಲುಗಿದಂತೆ ಒಂದು ಕಡೆ ವಾಲುತ್ತಿದ್ದರೆ ಟೇಪು ಬಿಸಿಲಿಗೆ ತುಸು ಹಿಗ್ಗಿದೆ, ಇಲ್ಲವೇ ಯಂತ್ರದ ಬಿಗಿ ಸರಿಯಿಲ್ಲ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಪತ್ರಾಸಿನ ಕೆಳಗೆ ಇಟ್ಟ ಕ್ಯಾಸೆಟ್ಟಿಗೆ ಹೀಗಾಗುವುದು ಸಹಜ. ಆಗಾಗ ಮಿಂಚುವ ಸಣ್ಣ ಬಿಳಿ ಗೀರು ಕಾಂತದ ಪುಡಿ ಉದುರಿದ ಜಾಗ, ಅದು ಮರಳದು. ಇಡೀ ಚಿತ್ರ ಮಸುಕಾಗಿ, ಬಣ್ಣ ಮುಖದಿಂದ ಆಚೆ ಹರಡಿದಂತಿದ್ದರೆ ಬಹುಶಃ ಅದು ಪ್ರತಿಯ ಪ್ರತಿ. ಸ್ಟುಡಿಯೊದವರು ಮೂಲ ಕ್ಯಾಸೆಟ್ಟಿಗೆ ಮಿಕ್ಸಿಂಗ್ ಮಾಡಿ, ಹೃದಯದಾಕಾರದ ಚೌಕಟ್ಟು ಹಾಕಿ, ಅದರ ಪ್ರತಿಯನ್ನು ಮನೆಗೆ ಕೊಡುತ್ತಿದ್ದರು. ಅದನ್ನು ಯಾವ ರಿಪೇರಿಯೂ ತಿಳಿಗೊಳಿಸದು. ಆದರೆ ಇಲ್ಲಿ ಬೀಗತನ ಕೈಹಿಡಿಯುತ್ತದೆ. ಒಂದೇ ಮದುವೆಯ ಕ್ಯಾಸೆಟ್ ನಿಲಂಗಾದ ಗಂಡಿನ ಮನೆಯಲ್ಲೂ ಭಾಲ್ಕಿಯ ಹೆಣ್ಣಿನ ಮನೆಯಲ್ಲೂ ಇರುತ್ತದೆ. ಒಂದರಲ್ಲಿ ಪುಡಿ ಉದುರಿದ ಕ್ಷಣ ಇನ್ನೊಂದರಲ್ಲಿ ಗಟ್ಟಿಯಾಗಿ ಇರಬಹುದು. ಒಂದು ಫೋನ್ ಮಾಡಿ ಕೇಳುವುದು ಎಲ್ಲ ತಂತ್ರಕ್ಕಿಂತ ಸುಲಭದ ಉಪಾಯ.

ಹೆಡ್ ಸ್ವಚ್ಛಗೊಳಿಸುವುದಕ್ಕೆ ಅಂಗಡಿಯಲ್ಲಿ ಸಿಗುವ ಒಣ ಕ್ಲೀನಿಂಗ್ ಕ್ಯಾಸೆಟ್ಟನ್ನು ಪದೇ ಪದೇ ಓಡಿಸಬೇಡಿ, ಅದು ಉಜ್ಜುತ್ತಾ ಹೆಡ್ಡನ್ನೇ ಸವೆಸುತ್ತದೆ. ವಿಸಿಆರ್ ಆದರೆ ಪ್ಲಗ್ ಕಿತ್ತ ಮೇಲೆಯೇ ಮುಚ್ಚಳ ತೆಗೆಯಬೇಕು. ಒಳಗಿನ ವಿದ್ಯುತ್ ಭಾಗವನ್ನು ಮುಟ್ಟಬಾರದು. ರಿಪೇರಿ ಬಲ್ಲವರು ಬಿಳಿ ಕಾಗದದ ಪಟ್ಟಿ ಅಥವಾ ಮೆತ್ತನೆಯ ಷಾಮಿ ಚರ್ಮವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಉರುಳೆಗೆ ಹಗುರಾಗಿ ತಾಗಿಸಿ ಕದಲದಂತೆ ಹಿಡಿದು, ಇನ್ನೊಂದು ಕೈಯಿಂದ ಉರುಳೆಯನ್ನೇ ತಿರುಗಿಸುತ್ತಾರೆ. ಮೇಲೆ ಕೆಳಗೆ ಒರೆಸಿದರೆ ಹೆಡ್ ಮುರಿಯುತ್ತದೆ, ಕಿವಿಗೆ ಹಾಕುವ ಹತ್ತಿಕಡ್ಡಿಯ ಎಳೆ ಸಿಕ್ಕಿಕೊಂಡರೂ ಮುರಿಯುತ್ತದೆ. ಆಲ್ಕೋಹಾಲ್ ಪೂರ್ತಿ ಆರುವ ತನಕ ಕ್ಯಾಸೆಟ್ ಹಾಕಬಾರದು. ಕೈ ನಡುಗುವವರು, ಮೊದಲ ಸಲ ಮಾಡುವವರು ಇದಕ್ಕೆ ಇಳಿಯದಿರುವುದೇ ಮೇಲು. ಮಿನಿಡಿವಿ ಕ್ಯಾಮೆರಾದ ಉರುಳೆಯಂತೂ ಮನೆಯಲ್ಲಿ ಮುಟ್ಟುವಂಥದ್ದೇ ಅಲ್ಲ.

ಕ್ಯಾಮೆರಾ ಕ್ಯಾಸೆಟ್ಟನ್ನು ಹೊರಗೆ ಬಿಡದಿದ್ದರೆ ಇಕ್ಕಳ ಹಿಡಿಯಬೇಡಿ. ಹಳೆಯ ಬ್ಯಾಟರಿಗೆ ಬಾಗಿಲು ತೆರೆಯುವಷ್ಟು ಶಕ್ತಿ ಇಲ್ಲದೆ ಹೀಗಾಗುವುದುಂಟು. ಅದರದೇ ಚಾರ್ಜರ್ ಜೋಡಿಸಿ ನೋಡಿ. ಪರದೆಯಲ್ಲಿ ‘ಡ್ಯೂ’ ಎಂದು ಬಂದರೆ ಒಳಗೆ ತೇವವಿದೆ ಎಂದು ಯಂತ್ರ ತಾನೇ ನಿಂತಿದೆ. ಎಸಿ ಕೋಣೆಯಿಂದ ಹೊರಗಿನ ಸೆಕೆಗೆ ತಂದಾಗ ಹೀಗಾಗುತ್ತದೆ. ಕ್ಯಾಸೆಟ್ ತೆಗೆದು, ಬಾಗಿಲು ತೆರೆದಿಟ್ಟು, ಒಂದೆರಡು ಗಂಟೆ ಬಿಟ್ಟರೆ ಸರಿಹೋಗುತ್ತದೆ. ಟೇಪು ಓಡುವಾಗ ಕಿರ್ರೆಂದು ಕಿರುಚುತ್ತಾ, ಹೆಡ್ಡಿಗೆ ಕಂದು ಅಂಟು ಬಿಡುತ್ತಾ ನಿಂತು ನಿಂತು ಹೋದರೆ ಕೂಡಲೇ ನಿಲ್ಲಿಸಿ. ಕಾಂತದ ಪುಡಿಯನ್ನು ಹಿಡಿದಿಟ್ಟ ಅಂಟು ಗಾಳಿಯ ತೇವ ಕುಡಿದು ಕರಗುತ್ತಿದೆ. ಅದಕ್ಕೆ ಹದವಾದ ಬಿಸಿಯಲ್ಲಿ ಒಣಗಿಸುವ ಚಿಕಿತ್ಸೆ ಇದೆ, ಆದರೆ ಅದು ಪ್ರಯೋಗಾಲಯದ ಕೆಲಸ. ಬಿಸಿಲಿಗೆ ಇಡುವುದು, ತವೆಯ ಬಳಿ ಇಡುವುದು ಬೇಡವೇ ಬೇಡ.

ಇಷ್ಟೆಲ್ಲ ದಾಟಿ ಚಿತ್ರ ಕಂಡಿತೆಂದರೆ, ಸಂತೋಷದಲ್ಲಿ ಕೂತು ಪೂರ್ತಿ ನೋಡುವ ಮೊದಲು ಪ್ರತಿ ಮಾಡಲು ಶುರುಮಾಡಬೇಕು. ಪ್ರತಿ ಓಟಕ್ಕೂ ಟೇಪು ತುಸು ಸವೆಯುತ್ತದೆ, ನಾಳೆ ಆ ಯಂತ್ರ ನಡೆಯುತ್ತದೆ ಎಂಬ ಭರವಸೆಯೂ ಇಲ್ಲ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಉಳಿದಿರುವುದು ಬರೀ ಹಳೆಯವು. ಟೇಪು ಹಾಳಾಗುವುದರ ಜೊತೆಗೆ ಯಂತ್ರಗಳೂ ಅವುಗಳನ್ನು ಬಲ್ಲ ಕೈಗಳೂ ಕಣ್ಮರೆಯಾಗುತ್ತವೆ ಎಂದು ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಸಿ, 2025ನ್ನು ಗಡುವು ಎಂದು ಸಾರಿತ್ತು. ನಮ್ಮ ಊರುಗಳಲ್ಲಿ ಆ ಕೈಗಳು ಹಳೆಯ ಫೋಟೊ ಸ್ಟುಡಿಯೊಗಳಲ್ಲಿವೆ. ಅಟ್ಟದ ಮೇಲೆ ಪ್ಯಾನಾಸೋನಿಕ್ ಎಂಡಿ10000 ಕ್ಯಾಮೆರಾ ಇನ್ನೂ ಇದೆಯೇ ಎಂದು ಕೇಳಿ ನೋಡಬೇಕು. ಇಲ್ಲವಾದರೆ ಸೊಲ್ಲಾಪುರ, ಕಲಬುರಗಿ, ಹೈದರಾಬಾದು ದೂರವೇನಲ್ಲ.

ಪ್ರತಿ ಮಾಡಿಸುವಾಗ ಡಿವಿಡಿ ಸಾಕು ಅನ್ನಬೇಡಿ, ಕಂಪ್ಯೂಟರ್ ಫೈಲನ್ನೇ ಕೇಳಿ ಪಡೆಯಿರಿ. ವಿಎಚ್‌ಎಸ್, ಹೈ8 ಆದರೆ ಯುಎಸ್‌ಬಿ ಕ್ಯಾಪ್ಚರ್ ಡಬ್ಬಿಯ ಮೂಲಕ ಹೋಗುತ್ತದೆ. ಅಲುಗಾಡುವ ಚಿತ್ರವನ್ನು ಹಿಡಿದು ನಿಲ್ಲಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಉಪಕರಣ ನಡುವೆ ಇದ್ದರೆ ತುಂಬಾ ವ್ಯತ್ಯಾಸವಾಗುತ್ತದೆ. ಮಿನಿಡಿವಿಯನ್ನು ಮಾತ್ರ ಹಳದಿ ಪಿನ್ನಿನ ಎವಿ ಕೇಬಲ್ಲಿನಿಂದ ಪ್ರತಿ ಮಾಡಬಾರದು. ಅದು ಮೊದಲೇ ಅಂಕಿಗಳಲ್ಲಿ ಬರೆದದ್ದು. ಫೈರ್‌ವೈರ್ ಕೇಬಲ್ಲಿನಿಂದ ತೆಗೆದರೆ ಟೇಪಿನಲ್ಲಿ ಇದ್ದದ್ದು ಇದ್ದ ಹಾಗೇ ಬರುತ್ತದೆ, ಒಂದು ಗಂಟೆಗೆ ಸುಮಾರು 13 ಜಿಬಿ. ಹೊಸ ಕಂಪ್ಯೂಟರುಗಳಲ್ಲಿ ಆ ಕಿಂಡಿ ಇರುವುದಿಲ್ಲ, ಹಳೆಯದೊಂದನ್ನು ಹುಡುಕಬೇಕು. ಫೈಲಿನ ಒಂದು ಪ್ರತಿ ನಿಮ್ಮಲ್ಲಿರಲಿ, ಇನ್ನೊಂದು ಬೀಗರ ಮನೆಯಲ್ಲಿ.

ಧ್ವನಿಯ ವಿಷಯ ಕೊನೆಗೆ ಹೇಳುತ್ತಿದ್ದೇನೆ, ಆದರೆ ಗಡಿ ಸೀಮೆಯ ಮಟ್ಟಿಗೆ ನನಗೆ ಇದೇ ಚಿತ್ರಕ್ಕಿಂತ ದೊಡ್ಡದು. ಮಿಕ್ಸಿಂಗ್ ಮಾಡುವಾಗ ಮದುವೆಯ ಮೂಲ ಸದ್ದನ್ನು ತೆಗೆದು ಹಿಂದಿ, ಮರಾಠಿ ಸಿನೆಮಾ ಹಾಡು ಹಾಕುವುದು ರೂಢಿಯಾಗಿತ್ತು. ಅರಿಶಿಣದ ಹೊತ್ತು ಅಜ್ಜಿಯರು ಬಾಯಿಬಿಟ್ಟು ಹಾಡುವುದು ಕಾಣುತ್ತದೆ, ಕೇಳುವುದು ಬೇರೇನೋ. ಅಂಥ ಕಡೆ ಮೂಲ ಧ್ವನಿ ಅಳಿದೇ ಹೋಗಿದೆ ಎಂದು ಮೊದಲೇ ಒಪ್ಪಿಕೊಳ್ಳಬೇಕಿಲ್ಲ. ಹೈ-ಫೈ ಸೌಲಭ್ಯದ ಯಂತ್ರದಲ್ಲಿ ರೆಕಾರ್ಡ್ ಆದ ವಿಎಚ್‌ಎಸ್ ಟೇಪಿನಲ್ಲಿ ಧ್ವನಿ ಎರಡು ಕಡೆ ಇರುತ್ತದೆ, ಅಂಚಿನಲ್ಲೊಂದು, ಚಿತ್ರದ ಗೆರೆಗಳ ಜೊತೆ ಇನ್ನೊಂದು. ಅದೇ ಟೇಪಿನ ಮೇಲೆ ಆಡಿಯೊ ಡಬ್ ಮಾಡಿದ್ದರೆ ಬದಲಾಗುವುದು ಅಂಚಿನದು ಮಾತ್ರ. ಹೈ-ಫೈ ಓದಬಲ್ಲ ವಿಸಿಆರ್‌ಗೆ ಹಾಕಿ, ಮೆನುವಿನಲ್ಲಿ ಧ್ವನಿಯನ್ನು ಹೈ-ಫೈಗೆ ಬದಲಿಸಿದರೆ ಸಿನೆಮಾ ಹಾಡಿನ ಕೆಳಗೆ ಹೂತುಹೋಗಿದ್ದ ಕನ್ನಡ ಕೇಳಬಹುದು. ಮಿನಿಡಿವಿಯಲ್ಲೂ ಹೀಗೇ. 12 ಬಿಟ್ ಧ್ವನಿಯಲ್ಲಿ ತೆಗೆದದ್ದಾದರೆ ಮೂಲ ಮಾತು ಮೊದಲ ಸ್ಟೀರಿಯೊ ಜೋಡಿಯಲ್ಲಿ, ಆಮೇಲೆ ಸೇರಿಸಿದ್ದು ಎರಡನೆಯದರಲ್ಲಿ. ಚಿತ್ರ ಇದೆ, ಧ್ವನಿಯೇ ಇಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಕ್ಯಾಮೆರಾದ ಮೆನು ಎರಡನೆಯ ಜೋಡಿಯ ಮೇಲೆ ನಿಂತಿರುತ್ತದೆ, ಅಲ್ಲಿ ಯಾರೂ ಏನನ್ನೂ ಸೇರಿಸಿರುವುದಿಲ್ಲ. ಮೊದಲನೆಯದಕ್ಕೆ ಬದಲಿಸಿದರೆ ಆಯಿತು. ಸ್ಟುಡಿಯೊದವರ ಬಳಿ ಮಿಕ್ಸಿಂಗಿಗೆ ಮುಂಚಿನ ಮೂಲ ಕ್ಯಾಸೆಟ್ ಉಳಿದಿದ್ದರೆ ಅದನ್ನೇ ಕೇಳಿ ತನ್ನಿ, ಚೌಕಟ್ಟು, ಹೂವಿನ ಮಳೆ ಯಾವುದೂ ಇಲ್ಲದಿದ್ದರೂ ಮನೆಮಂದಿಯ ಮಾತು ಅದರಲ್ಲೇ ಇರುತ್ತದೆ.

ಫೈಲು ಕೈಗೆ ಬಂದ ಮೇಲೂ ಕ್ಯಾಸೆಟ್ಟನ್ನು ಎಸೆಯಬಾರದು. ಹೆಡ್ಡಿನಿಂದ ಬರುವ ಕಚ್ಚಾ ಸಂಕೇತವನ್ನೇ ನೇರವಾಗಿ ಕಂಪ್ಯೂಟರಿಗೆ ತೆಗೆದುಕೊಂಡು, ಚಿತ್ರವನ್ನು ಸಾಫ್ಟ್‌ವೇರಿನಲ್ಲಿ ಬಿಡಿಸುವ ವಿಧಾನಗಳು ಈಗ ಬೆಳೆಯುತ್ತಿವೆ. ಇವತ್ತು ಗದ್ದಲವಾಗಿ ಕಂಡ ಜಾಗ ಮುಂದೆ ಅದರಿಂದ ತಿಳಿಯಾಗಬಹುದು. ಟೇಪನ್ನು ಒಂದು ತುದಿಗೆ ಪೂರ್ತಿ ಸುತ್ತಿ, ಡಬ್ಬಿಯೊಳಗೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಸ್ಪೀಕರ್ ಮತ್ತು ಹೊರಗೋಡೆಯಿಂದ ದೂರ, ಮನೆಯ ತಂಪು ಕೋಣೆಯ ಅಲಮಾರಿಯಲ್ಲಿಡಿ. ಯಾರ ಮದುವೆ, ಯಾವ ಊರು, ಯಾವ ಇಸವಿ, ಯಾವ ಯಂತ್ರದಲ್ಲಿ ಚೆನ್ನಾಗಿ ಓಡಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೇ ಇರಿಸಿ.